ತೊಂಬತ್ತು ಅಡಿ ಕೆಳಗ

ನಾಲ್ಕು ಸಾವಿರ ಚೀಲ ಸಿಮೆಂಟ್ ಮಾರಿದವರಿಗೆ
ಕಂಪನಿಯವರು ಹಡಗು ಕೊಟ್ರು.
ಕೊಟ್ರು ಅಂದ್ರ, ಮೂರು ರಾತ್ರಿಗೆ.
ಕಡೀ ಅರವತ್ತು ಚೀಲ ನಮ್ಮವರು
ತಮಗ ತಾವೇ ಮಾರಿಕೊಂಡ್ರು;
ಅವು ಇವತ್ತಿಗೂ ಹಿತ್ತಲದಾಗ
ಕಲ್ಲಾಗಿ ಕುಂತಾವ.

ಸೇಡಂನ ನಮ್ಮ ಓಣ್ಯಾಗ
ಮೂರು ತಿಂಗಳು ಮೊದಲೇ ಹಡಗು ಬಂದು ನಿಂತಿತ್ತು.
ನಾನೇ ತಂದು ನಿಲ್ಲಿಸಿದ್ದೆ, ನಳದ ಕಟ್ಟಿ ಹತ್ತರ.
ಹನ್ನೊಂದು ಅಂತಸ್ತು, ನೆತ್ತಿ ಮ್ಯಾಲ ಈಜೋ ಹೊಂಡ,
ಕಿಟಕಿ ತೆರೆದ್ರ ಸಮುದ್ರ.
ಮೀನು ಹಾರಿ ಬಂದು ಹಾಸಿಗಿ ಮ್ಯಾಲ ಬೀಳ್ತಾವಂತ,
ಅದು ಮಾತ್ರ ನಾ ಸೇರಿಸಿದ್ದು.

ಜುಲೇಖಾನ ಮಗಳು ಸಫಿಯಾ, ಏಳು ವರ್ಷದಾಕಿ,
ಒಂದು ಬಾಟ್ಲಿ ತಂದು ಕೈಯಾಗಿಟ್ಟಳು.
ಷರಬತ್ತಿಂದು. ತೊಳೆದಿದ್ದಳು,
ಗುಲಾಬಿ ವಾಸನಿ ಹೋಗಿದ್ದಿಲ್ಲ.
'ಮಹಾದೇವಿ ಕಾಕು, ಇದರಾಗ
ಒಂದಿಷ್ಟು ಸಮುದ್ರ.'

ಐವತ್ತು ಕಡಕ್ ರೊಟ್ಟಿ, ಶೇಂಗಾ ಹಿಂಡಿ
ಮುಂಬೈ ಬಂದರದಾಗ ಕಸಕೊಂಡ್ರು.
ನಮ್ಮ ಕೋಣಿಗೆ ಕಿಟಕಿ ಇದ್ದಿಲ್ಲ.
ಪರದೆ ಇತ್ತು. ಸರಿಸಿದೆ. ಗ್ವಾಡಿ.
ಗ್ವಾಡಿಗೆ ಸಮುದ್ರದ ಫೋಟೋ,
ಒಂದು ಮೂಲ್ಯಾಗ ಅಂಟು ಬಿಟ್ಟಿತ್ತು.
ನಮ್ಮವರು ಬೆರಳಿನಿಂದ ಬಡಿದು ನೋಡಿದ್ರು,
ವ್ಯಾಪಾರದ ಮನಷ್ಯಾ.
'ತಗಡು' ಅಂದ್ರು, ಭಾಳ ಬ್ಯಾಸರದಾಗ.

ರೇಷನ್ ಅಂಗಡಿ ಮುಂದ ನಿಂತು ಬೆಳೆದಾಕಿ ನಾ,
ಪಾಳಿಗೆ ಅಂಜೋದಿಲ್ಲ.
ಆದ್ರ ಒಂದು ತಾಸು ನಿಂತ ಮ್ಯಾಲ
ತಾಟಿನಾಗ ಬಿದ್ದದ್ದು ಮಕರೋನಿ.

ಎರಡನೇ ದಿನ ನಡುಗಡ್ಡಿಗೆ ಇಳಿಸ್ತೀವಿ ಅಂದಿದ್ರು.
ಗಾಳಿ ಜಾಸ್ತಿ ಅದಾ ಅಂತ ಮೈಕಿನಾಗ ಹೇಳಿದ್ರು,
ಇಂಗ್ಲಿಷಿನಾಗ ಒಮ್ಮೆ, ಹಿಂದ್ಯಾಗ ಒಮ್ಮೆ,
ಎರಡು ಸಲನೂ ನಗಕೋತ.
ದೂರದಿಂದ ತೋರಿಸಿದ್ರು:
ರೊಟ್ಟಿ ಅಂಚು ಸೀದಂಗ ಒಂದು ಕರೀ ಗೆರಿ.
ಮಂದಿ ಅದರ ಜೋಡಿ ಫೋಟೋ ತಕ್ಕೊಂಡ್ರು.
ನಾವೂ ತಕ್ಕೊಂಡ್ವಿ.

ಬಾಟ್ಲಿ ಹಿಡಕೊಂಡು ಕಂಬಿಗೆ ಎದಿ ಒತ್ತಿ
ಬಗ್ಗಿ ನೋಡಿದೆ.
ನೀರು ತೊಂಬತ್ತು ಅಡಿ ಕೆಳಗ.
ನನ್ನ ತವರಿನ ಬಾವಿ ಅರವತ್ತು,
ಅದಕ್ಕ ರಾಟಿ ಇತ್ತು, ಹಗ್ಗ ಇತ್ತು.
ಇಷ್ಟು ದೊಡ್ಡ ಹಡಗಿನಾಗ
ಒಂದು ಕೊಡ ಇದ್ದಿಲ್ಲ.

ಕಸ ಗುಡಿಸೋ ಹುಡುಗನ್ನ ಕೇಳಿದೆ, ಮಣಿಪುರದಾವ,
'ಇಷ್ಟೇ ಇಷ್ಟು ಸಮುದ್ರ ಬೇಕಿತ್ತಪ್ಪಾ.'
ಅವ ಈಜೋ ಹೊಂಡದ ಕಡೆ ಕೈ ಮಾಡಿದ.
ಅದರಾಗ ಕ್ಲೋರಿನ್ನು, ಬಳ್ಳಾರಿ ಡೀಲರ ಮಂದಿ.
'ನೀನರ ಮುಟ್ಟೀಯೇನು?'
'ಎಂಟು ತಿಂಗಳಾತು ಆಂಟಿ,
ಇನ್ನಾ ಮುಟ್ಟಿಲ್ಲ.'

ಕಡೀ ರಾತ್ರಿ ನಿದ್ದಿ ಬರಲಿಲ್ಲ. ಒಬ್ಬಾಕೀನೇ ಮ್ಯಾಲ ಬಂದೆ.
ಹಾಡು ನಿಂತಿತ್ತು, ದೀಪ ಆರಿಸಿದ್ರು.
ನೋಡ್ಲಿಕ್ಕೆ ಏನೂ ಇದ್ದಿಲ್ಲ, ಖರೇನ ಏನೂ ಇದ್ದಿಲ್ಲ.
ಸಪ್ಪಳ ಒಂದು.
ತೊಗರಿ ಹೊಲದಾಗ ಗಾಳಿ ಹೊಕ್ಕಂಗ, ಅನ್ನಬೇಕಂದೆ.
ಹಂಗಿದ್ದಿಲ್ಲ.
ಮಾಲಗಾಡಿ ದೂರ ಹೋದಂಗ, ಅಂದೆ.
ಹಂಗೂ ಇದ್ದಿಲ್ಲ.
ಯಾವುದರಂಗೂ ಇಲ್ಲದ್ದನ್ನ
ನಳದ ಕಟ್ಟಿ ಹತ್ತರ ಹ್ಯಾಂಗ ಹೇಳೋದು?

ವಾಡಿ ಜಂಕ್ಷನ್ನಿನಾಗ ಇಳಿದ್ರ
ಪ್ಲಾಟ್‌ಫಾರ್ಮ್ ತೂಗಲಿಕ್ಕೆ ಹತ್ತಿತು.
ಮನಿಗೆ ಬಂದವಳೇ ಬಾಟ್ಲಿಗೆ ನಳದ ನೀರು ತುಂಬಿ
ಎರಡು ಚಮಚ ಉಪ್ಪು ಹಾಕಿ ಅಲುಗಾಡಿಸಿದೆ.

ಸಫಿಯಾ ಬಿಸಿಲಿಗೆ ಹಿಡಿದು ನೋಡಿದಳು.
ಒಂದು ಹನಿ ನೆಕ್ಕಿದಳು.
'ಕಾಕು, ಇದೇ ಕೆಂಪು
ನಮ್ಮ ನಳದಾಗೂ ಬರ್ತದ.
ಕಾಗಿಣಾದ್ದು.'

ನಾ ನೆಲ ನೋಡಿದೆ. ಹಾಸುಗಲ್ಲು ಸುಡತಿತ್ತು.
'ಮುಟ್ಟಲಿಲ್ಲವ್ವಾ. ತೊಂಬತ್ತು ಅಡಿ ಕೆಳಗ ಇತ್ತು.
ಮೀನದ್ದೂ ಸುಳ್ಳ.'

ಸಿಟ್ಟಾಗಲಿಲ್ಲ ಹುಡುಗಿ. ವಿಚಾರ ಮಾಡಿದಳು,
ಬಾವಿಯಾಗ ಕೊಡ ಬಿದ್ದಾಗ ಹೆಂಗಸರು ಮಾಡ್ತಾರಲ್ಲ, ಹಂಗ.
'ಹಗ್ಗ ಒಯ್ಯಬೇಕಿತ್ತು' ಅಂದಳು.
ಉಪ್ಪುನೀರು ಚೆಲ್ಲಿ, ಬಾಟ್ಲಿ ತೊಳೆದು
ಮತ್ತ ನನ್ನ ಕೈಯಾಗಿಟ್ಟಳು.

ಈ ವರ್ಷ ಆರು ಸಾವಿರ ಚೀಲಂತ.
ಇನ್ನೂ ದೊಡ್ಡ ಹಡಗಂತ, ಕಿಟಕಿ ಅದಾ ಅಂತ.
ನಮ್ಮವರು ಲೆಕ್ಕದ ಪುಸ್ತಕ ತಗದು ಕುಂತಾರ.
ನಾ ಯಾರಿಗೂ ಏನೂ ಹೇಳಿಲ್ಲ.
ಸ್ವಾಮಾರದ ಸಂತ್ಯಾಗ
ನೂರಡಿ ಹಗ್ಗಕ್ಕ ಎಷ್ಟಂತ
ಸುಮ್ಮ ಕೇಳಿ ಬಂದೀನಿ.